ಎರಡೂವರೆ ಚುಕ್ಕಿ

ವೇಣುಧರ ಅವರೇ, ನಿಮ್ಮ ವಿಮರ್ಶೆ ಸಿಕ್ಕಿತು.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಎದುರು,
ಗಂಗುಲಪ್ಪನ ಹೋಟೆಲಿನಲ್ಲಿ, ಗುರುವಾರ,
ಬೋಂಡ ಕಟ್ಟಿಕೊಟ್ಟ ಹಾಳೆಯಲ್ಲಿ.
ಎಣ್ಣೆ ಇಂಗಿದ ಕಡೆ ಹಿಂದಿನ ಪುಟದ
ನಿಧನವಾರ್ತೆಯೂ ಬೆರೆತು ಕಾಣುತ್ತಿತ್ತು.

ಎರಡೂವರೆ ಚುಕ್ಕಿ ಕೊಟ್ಟಿದ್ದೀರಿ.
ಆ ಅರೆ ಚುಕ್ಕಿ ಯಾವುದಕ್ಕೆ?
ಜಗಳಕ್ಕೆ ಕೇಳುತ್ತಿಲ್ಲ. ನಾನೂ
ದಿನಾ ಬೆಳಿಗ್ಗೆ ದರ ಕಟ್ಟುವವನೇ.
ಲಾಟಿನ ಮುಂದೆ ನಿಂತು ಹಿಡಿ ಗೂಡು ಎತ್ತಿ
ಒಂದನ್ನು ಕಿವಿಯ ಬಳಿ ಅಲುಗಾಡಿಸುತ್ತೇನೆ.
ಒಳಗಿನ ಹುಳ ಗಟ್ಟಿಯಿದ್ದರೆ ಲೊಟಲೊಟ ಅನ್ನುತ್ತದೆ,
ಸತ್ತು ಕರಗಿದ್ದರೆ ಗೋಡೆಗಂಟಿ ಸುಮ್ಮನಿರುತ್ತದೆ.
ಆಮೇಲೇ ಬಾಯಿ ಬಿಡುವುದು.
ಕೈಗೆ ತಗೊಳ್ಳದೆ ದರ ಕೂಗಿದವನನ್ನು
ನಮ್ಮ ಅಬ್ಬಾ ರೀಲರ್ ಅನ್ನುತ್ತಿರಲಿಲ್ಲ,
ಲಾಟರಿ ಟಿಕೇಟಿನವನು ಅನ್ನುತ್ತಿದ್ದರು.

ಸಿನಿಮಾ ನಾನೂ ನೋಡಿದೆ.
ಚಿಕ್ಕಬಳ್ಳಾಪುರದ ಟಾಕೀಸು, ಮೊದಲ ಆಟ.
ನೀವು ನನ್ನ ಮುಂದಿನ ಸಾಲಿನಲ್ಲಿದ್ದಿರಿ,
ಅಂಕಣದ ಫೋಟೋದಲ್ಲಿರುವ ಅದೇ ಕನ್ನಡಕ,
ತೊಡೆಯ ಮೇಲೆ ಪುಟ್ಟ ಪುಸ್ತಕ.

ಪರದೆಯ ಮೇಲೆ ಸಾವಿನ ಮನೆ.
ಹೆಣದ ಜೇಬಿನಲ್ಲಿ ಮೊಬೈಲು ಬಡಿದುಕೊಳ್ಳುತ್ತದೆ,
ಸಾಲ ಬೇಕಾ ಸಾರ್, ಅಂತ ಬ್ಯಾಂಕಿನ ಹುಡುಗಿ.
ಪುರೋಹಿತರು ಎತ್ತಿಕೊಂಡು, ಗಂಟಲು ಸರಿಮಾಡಿ,
"ಬಡ್ಡಿ ಎಷ್ಟಮ್ಮಾ?"
ನಿಮ್ಮ ಹೆಗಲು ಕುಣಿದವು. ನೋಡಿದೆ.
ಮುಂದಕ್ಕೆ ಬಾಗಿದಿರಿ, ಪೆನ್ನು ಬಿತ್ತು,
ಕುರ್ಚಿಯಡಿ ತಡಕಾಡುತ್ತ ಇನ್ನೂ ನಗುತ್ತಿದ್ದಿರಿ.
ಹಿಂದಿನಿಂದ ಎತ್ತಿಕೊಟ್ಟನಲ್ಲ, ಅವನು ನಾನು.

ಈ ಎಣ್ಣೆ ಹಾಳೆಯಲ್ಲಿ ಆ ಪುರೋಹಿತರಿಲ್ಲ.
"ಅಲ್ಲಲ್ಲಿ ಕಚಗುಳಿ ಇಡುತ್ತದೆ" ಎಂದಿದೆ.
ಅಲ್ಲಲ್ಲಿ ಅಂದರೆ ಎಲ್ಲಿ?
ನಾಲ್ಕು ಪ್ಯಾರಾ ಕಥೆ ಹೇಳಿದ್ದೀರಿ,
ಛಾಯಾಗ್ರಹಣಕ್ಕೆ ಒಂದು ಸಾಲು, ಸಂಗೀತಕ್ಕೆ ಅರ್ಧ,
ನಾಯಕಿ "ಮುದ್ದಾಗಿ ಕಾಣುತ್ತಾರೆ", ಮುಗಿಯಿತು ಅವಳ ಪಾಲು.
"ದ್ವಿತೀಯಾರ್ಧದಲ್ಲಿ ಎಳೆ ಹರಿಯುತ್ತದೆ"
ಎಂಬಲ್ಲಿ ಸ್ವಲ್ಪ ಸಿಟ್ಟೇ ಬಂತು.
ಎಳೆ ಹರಿಯುವುದು ಗೊತ್ತು ಸ್ವಾಮಿ. ದಿನಕ್ಕೆ ನೂರು ಸಲ.
ಹರಿದಲ್ಲಿ ತುದಿ ಹುಡುಕಿ ಹಚ್ಚುತ್ತಾಳೆ
ನಮ್ಮ ಫಿಲೇಚರಿನ ಮುನಿರತ್ನಮ್ಮ.
ಗೂಡು ತೆಳುವೋ, ನೀರಿನ ಕಾವು ಕಮ್ಮಿಯೋ,
ಕಣ್ಣು ಮುಚ್ಚಿ ಹೇಳುತ್ತಾಳೆ.
ನೀವು ಹರಿಯಿತು ಅಂದಿರಿ, ಎಲ್ಲಿ ಅನ್ನಲಿಲ್ಲ.

"ಮಿದುಳು ಮನೆಯಲ್ಲಿಟ್ಟು ಹೋಗಿ ನಕ್ಕು ಬನ್ನಿ":
ಈ ಕೊನೆಯ ಸಾಲಿಗೇ ಒಂದು ಚುಕ್ಕಿ ಕಳೆದೆ.
ಬಡ್ಡಿಯ ಮಾತಿಗೆ ನಗಬೇಕಾದರೆ
ಸಾಲ ಗೊತ್ತಿರಬೇಕು, ಸಾವು ಗೊತ್ತಿರಬೇಕು,
ಗಂಟಲು ಸರಿಮಾಡಿಕೊಳ್ಳುವವರ ಪರಿಚಯ ಇರಬೇಕು.
ನನಗಂತೂ ಇದ್ದಷ್ಟೂ ಮಿದುಳು ಬೇಕಾಯಿತು.

ಆದರೆ ಒಂದು ಮಾತು.
ದಪ್ಪ ಹೆಂಗಸು ಆಟೋ ಹತ್ತುತ್ತಾಳೆ, ಟೈರು ಠುಸ್ಸೆನ್ನುತ್ತದೆ.
ಇಡೀ ಟಾಕೀಸು ಕೂಗಿತು. ನಾನೂ.
ಪಕ್ಕದಲ್ಲಿ ಗುಲ್ನಾಜ್ ಕಡಲೆಕಾಯಿ ಪೊಟ್ಟಣದ ಬಾಯನ್ನು
ಮಡಚಿ ಮಡಚಿ ಚಿಕ್ಕದು ಮಾಡುತ್ತ ಕೂತಿದ್ದಳು.
ನೀವು ಬರೆದಿದ್ದೀರಿ: "ಇದು ನಗೆಯಲ್ಲ, ಹಳೇ ಸೋಮಾರಿತನ."
ಆರು ದಿನ ತಡವಾಗಿ, ಜಿಡ್ಡು ಕೈಯಲ್ಲಿ ಓದುವಾಗ
ಆ ಪೊಟ್ಟಣ ಕಂಡಿತು ನನಗೆ.
ಆ ಸಾಲನ್ನು ಕಿವಿಯ ಬಳಿ ಹಿಡಿದೆ.
ಲೊಟಲೊಟ ಅಂದಿತು.

ನಿಮ್ಮ ಕಷ್ಟ ಗೊತ್ತಿಲ್ಲವೆಂದಲ್ಲ.
ಇನ್ನೂರೈವತ್ತು ಪದ, ರಾತ್ರಿ ಹತ್ತರೊಳಗೆ.
ನಗುವನ್ನು ಬಿಸಿನೀರಿಗೆ ಹಾಕದೆ ಎಳೆ ಬರುವುದಿಲ್ಲ,
ಎಳೆ ಬಂದಮೇಲೆ ತಳದಲ್ಲಿ ಉಳಿಯುವುದನ್ನು
ಮೀನಿಗೋ ಕೋಳಿಗೋ ಮಾರುತ್ತೇವೆ, ಮುಖ ನೋಡುವುದಿಲ್ಲ.
ನನ್ನ ಕಸುಬೂ ಅದೇ. ಹೆಚ್ಚು ಮಾತಾಡಲಾರೆ.
ಬೇಯಿಸುವ ಮುಂಚೆ ಒಳಗೆ ಜೀವ ಇತ್ತು ಅಂತ
ಒಂದು ಸಾಲು ಬರೆಯಿರಿ ಸಾಕು.
ನಕ್ಕೆ, ಪೆನ್ನು ಬಿತ್ತು. ಇಷ್ಟೇ.

ನನ್ನ ಲೆಕ್ಕದಲ್ಲಿ ನಿಮಗೂ ಎರಡೂವರೆ.
ಅರೆ ಯಾವುದಕ್ಕೆ ಅಂತ ನೀವು ಕೇಳಬಹುದು,
ಹೇಳುತ್ತೇನೆ. ಪೆನ್ನಿನ ಮುಚ್ಚಳ
ನನ್ನ ಜೇಬಿನಲ್ಲೇ ಉಳಿದುಬಿಟ್ಟಿದೆ.
ನಾಳೆ ಹೊಸ ಚಿತ್ರವಂತೆ. ತರುತ್ತೇನೆ.